ಬರ್ಮಾದ ಅಲೆಯ ಮೇಲಿನ ಮುಳ್ಳುಗಳು

ಶಿವಮೂರ್ತಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಆಗಿದ್ದವರು. ಕುಲುಮೆಯ ಶಾಖ, ನೀರಿನ ಒತ್ತಡ, ಟ್ಯಾಂಕಿನ ಮಟ್ಟ ತೋರಿಸುವ ಮೀಟರುಗಳು ಸರಿಯಾಗಿವೆಯೇ ಎಂದು ನೋಡುವುದು ಅವರ ಕೆಲಸ. ಮಾತು ಕಡಿಮೆ. ಕೈ ಬಹಳ ಸೂಕ್ಷ್ಮ.

೨೦೦೧ರ ಗಣರಾಜ್ಯೋತ್ಸವದ ದಿನ ಬೆಳಗಿನ ಪಾಳಿಯಲ್ಲಿದ್ದಾಗ ಒಂದು ಟ್ಯಾಂಕಿನ ಮಟ್ಟದ ಮೀಟರು ಕಾರಣವಿಲ್ಲದೆ ಮೇಲೆ ಕೆಳಗೆ ಆಡತೊಡಗಿತು. ಕೆಟ್ಟಿದೆ ಎಂದುಕೊಂಡು ಅದನ್ನು ಬಿಚ್ಚಿದರು. ಏನೂ ಕೆಟ್ಟಿರಲಿಲ್ಲ. ಮಧ್ಯಾಹ್ನ ಟೀವಿಯಲ್ಲಿ ಗುಜರಾತಿನ ಭೂಕಂಪದ ಸುದ್ದಿ ಬಂತು. ಅಷ್ಟು ದೂರದ ನೆಲ ನಡುಗಿದ್ದು ಇಲ್ಲಿಯ ನೀರಿಗೆ ಗೊತ್ತಾಗಿತ್ತು, ತನಗೆ ಗೊತ್ತಾಗಲಿಲ್ಲ ಎಂಬುದು ಅವರ ಮನಸ್ಸಿನಲ್ಲಿ ಕೂತುಬಿಟ್ಟಿತು.

ನಿವೃತ್ತಿಯಾದ ಮೇಲೆ ನ್ಯೂ ಟೌನಿನ ಕ್ವಾರ್ಟರ್ಸನ್ನೇ ಲೀಸಿಗೆ ಹಿಡಿದು, ಹಿಂದಿನ ಕೋಣೆಯಲ್ಲಿ ಸ್ವಂತ ಕೈಯಿಂದ ಒಂದು ಭೂಕಂಪ ಮಾಪಕ ಕಟ್ಟಿದರು. ನೆಲ ಒಡೆದು ಗಟ್ಟಿ ಮಣ್ಣು ಸಿಗುವವರೆಗೆ ಅಗೆದು ಕಾಂಕ್ರೀಟ್ ಕಂಬ ಕೂರಿಸಿದರು. ಅದರ ಮೇಲೆ ಗೇಟಿನ ಹಾಗೆ ಅಡ್ಡಡ್ಡ ಆಡುವ ಒಂದು ಕಬ್ಬಿಣದ ಸರಳು, ಅದರ ತುದಿಗೆ ಅಯಸ್ಕಾಂತ, ಸುತ್ತ ತಾಮ್ರದ ತಂತಿಯ ಸುರುಳಿ. ನೆಲ ಅಲುಗಿದರೆ ಸುರುಳಿಯಲ್ಲಿ ಹುಟ್ಟುವ ಚೂರು ಕರೆಂಟು ಹಳೆಯ ಕಂಪ್ಯೂಟರಿಗೆ ಹೋಗಿ ಗೆರೆಯಾಗುತ್ತಿತ್ತು. ಆಮೇಲೆ ಅದನ್ನು ಮೊಬೈಲಿನಲ್ಲೂ ಕಾಣುವಂತೆ ಮಾಡಿಕೊಂಡರು.

ಹೆಂಡತಿ ಬಸವರಾಜೇಶ್ವರಿ ಚನ್ನಗಿರಿ ಕಡೆಯವರು. ಗಂಡನ ಈ ಹುಚ್ಚಿಗೆ ಅವರು ಬೈದದ್ದಿಲ್ಲ. ಯಂತ್ರದ ಕೋಣೆಗೂ ಬಚ್ಚಲಿಗೂ ಒಂದೇ ಗೋಡೆ. ಹಾಗಾಗಿ ಯಂತ್ರ ಸರಿಯಿದೆಯೇ ಎಂದು ಪರೀಕ್ಷೆ ಮಾಡುವಾಗ ಆಕೆಯೇ ಬಚ್ಚಲಲ್ಲಿ ಕೂತು ನೆಲಕ್ಕೆ ಮೂರು ಸಲ ತಟ್ಟಬೇಕು. ತಟ್ಟಿ, "ಬಂತಾ?" ಎಂದು ಕೂಗಬೇಕು. ಇವರು ಈಚೆಯಿಂದ "ಬಂತು" ಎನ್ನಬೇಕು. ತಿಂಗಳಿಗೊಮ್ಮೆ ಇದು ನಡೆಯುತ್ತಿತ್ತು. ಉಳಿದ ದಿನಗಳಲ್ಲಿ ಆ ಕಡೆ ದಬದಬ ನಡೆಯಬಾರದು, ಬಟ್ಟೆ ಕುಕ್ಕಬಾರದು ಎಂದು ತಕರಾರು. ಆಕೆ ಬಟ್ಟೆಯನ್ನು ಕಲ್ಲಿಗೆ ಒಗೆಯುವುದನ್ನು ಬಿಟ್ಟು ಕೈಯಲ್ಲೇ ಉಜ್ಜುವ ಅಭ್ಯಾಸ ಮಾಡಿಕೊಂಡಿದ್ದರು.

೨೦೨೫ರ ಮಾರ್ಚ್ ಇಪ್ಪತ್ತೆಂಟು, ಶುಕ್ರವಾರ. ಭಾನುವಾರ ಯುಗಾದಿ. ಶಿವಮೊಗ್ಗದ ಒಂದು ಕಾಲೇಜಿನ ಭೌತಶಾಸ್ತ್ರದ ಉಪನ್ಯಾಸಕ ತ್ರಿವಿಕ್ರಮ, ಮಕ್ಕಳಿಗೆ ಮಾಪಕದ ಬಗ್ಗೆ ಹೇಳಬೇಕೆಂದು ಶಿವಮೂರ್ತಪ್ಪನವರನ್ನು ಕರೆದಿದ್ದರು. ಅವರು ಬೆಳಿಗ್ಗೆ ಬಸ್ಸು ಹತ್ತಿ ಹೋದರು. ಪ್ರಯೋಗಾಲಯದಲ್ಲಿ ಮಾತಾಡುತ್ತಿದ್ದಾಗ, ಹನ್ನೆರಡಕ್ಕೆ ಇನ್ನು ನಾಲ್ಕೈದು ನಿಮಿಷ ಇರುವಾಗ, ಮನೆಯ ಯಂತ್ರದ ಗೆರೆ ಮೊಬೈಲಿನಲ್ಲಿ ಸಣ್ಣಗೆ ನಡುಗಿತು. ನಾಲ್ಕು ನಿಮಿಷ ಕಳೆದು ಇನ್ನೊಂದು ನಡುಕ. ಆಮೇಲೆ ದೊಡ್ಡ ಅಲೆಗಳು ಬಂದವು. ತ್ರಿವಿಕ್ರಮ ಫೋನನ್ನು ಪ್ರೊಜೆಕ್ಟರಿಗೆ ಜೋಡಿಸಿದರು. ಗೋಡೆಯ ತುಂಬ ಗೆರೆ ನಿಧಾನವಾಗಿ, ತೂಗುಯ್ಯಾಲೆಯ ಹಾಗೆ, ಆಚೆಯಿಂದ ಈಚೆಗೆ ಓಲಾಡುತ್ತಿತ್ತು. ಎರಡು ನಡುಕಗಳ ನಡುವಿನ ಹೊತ್ತನ್ನು ಲೆಕ್ಕ ಹಾಕಿ ಶಿವಮೂರ್ತಪ್ಪ, ಇದು ಎರಡು ಸಾವಿರದ ಮುನ್ನೂರು ಕಿಲೋಮೀಟರ್ ಆಚೆಯದು ಎಂದರು. ಸ್ವಲ್ಪ ಹೊತ್ತಿಗೆ ಬರ್ಮಾದ ಸುದ್ದಿ ಬಂತು. ಹುಡುಗರು ಚಪ್ಪಾಳೆ ತಟ್ಟಿದರು.

ಅಷ್ಟು ದೊಡ್ಡ ಗೆರೆಯನ್ನು ಅವರ ಯಂತ್ರ ಯಾವತ್ತೂ ಬರೆದಿರಲಿಲ್ಲ. ಹನ್ನೆರಡೂ ಕಾಲಿಗೆ ಫೋನನ್ನು ಬಿಡಿಸಿಕೊಂಡು ವರಾಂಡಕ್ಕೆ ಬಂದು ಮನೆಗೆ ಕರೆ ಮಾಡಿದರು. ಬರ್ಮಾದಲ್ಲಿ ದೊಡ್ಡದು ಆಗಿದೆ, ಕಂಪ್ಯೂಟರ್ ನೋಡು ಹೋಗು ಎಂದರು. ಯಾರ್ಯಾರಿಗೆ ಏನಾಯ್ತೋ ಪಾಪ ಎಂದರು ಬಸವರಾಜೇಶ್ವರಿ. ಹಬ್ಬಕ್ಕೆಂದು ಹೊದಿಕೆ, ಜಮಖಾನ ಎಲ್ಲ ಬಚ್ಚಲಲ್ಲಿ ನೆನೆಸಿದ್ದರಂತೆ, ಪುರುಸೊತ್ತಿರಲಿಲ್ಲ.

"ನಿಮಗೆ ಅಲ್ಲೇ ಕಾಣುತ್ತಾ?" ಎಂದು ಕೇಳಿದರು.

"ಎಲ್ಲಾ ಇಲ್ಲೇ ಕಾಣ್ತಿದೆ ಮಾರಾಯ್ತಿ. ನೀನು ಬಚ್ಚಲಲ್ಲಿ ಚೊಂಬು ಇಟ್ರೂ ಕಾಣುತ್ತೆ. ಇವತ್ತೊಂದಿನ ಹುಷಾರು."

ಅದೇ ಅವರಿಬ್ಬರ ಕೊನೆಯ ಮಾತು.

ಫೋನನ್ನು ಮತ್ತೆ ಪ್ರೊಜೆಕ್ಟರಿಗೆ ಜೋಡಿಸಿದ್ದರು. ಹನ್ನೆರಡೂ ಮುಕ್ಕಾಲರ ಹೊತ್ತಿಗೆ ಗೋಡೆಯ ಮೇಲಿನ ಚಿತ್ರದಲ್ಲಿ ತ್ರಿವಿಕ್ರಮ ಒಂದು ವಿಚಿತ್ರ ಗಮನಿಸಿದರು. ದೊಡ್ಡ ಅಲೆಗಳು ತಗ್ಗುತ್ತಿದ್ದವು. ಅವುಗಳ ಬೆನ್ನ ಮೇಲೆ ಜಾಲಿಯ ಮುಳ್ಳಿನಂಥ ಸಣ್ಣ ಚೂಪು ಗೀರುಗಳು. ಬರ್ಮಾದಿಂದ ಇಂಥವು ಬರಲು ಸಾಧ್ಯವೇ, ಇವು ಇಲ್ಲಿಯವೇ ಎಂದು ಅವರು ಕೇಳಿದರು. ಶಿವಮೂರ್ತಪ್ಪ ಹತ್ತಿರ ಹೋಗಿ ನೋಡಿದರು. ಒಂದು ವಾರದಿಂದ ಪಕ್ಕದ ಮನೆಯ ದೇವರಾಜ್ ಗೋಡೆ ಒಡೆಸುತ್ತಿದ್ದ. ಗಾರೆಯವನ ಉಳಿ ಸುತ್ತಿಗೆಯ ಪೆಟ್ಟು ದಿನವೂ ಯಂತ್ರದಲ್ಲಿ ಬೀಳುತ್ತಿತ್ತು.

"ಅದು ಪಕ್ಕದ ಮನೆ ಗಾರೆ ಕೆಲಸ ಸರ್. ಜರಡಿ ಹಿಡಿದ್ರೆ ಹೋಗುತ್ತೆ" ಎಂದರು.

ನಿಧಾನದ ಅಲೆಯನ್ನು ಉಳಿಸಿಕೊಂಡು ಚುರುಕಿನ ಕಂಪನವನ್ನೆಲ್ಲ ಸೋಸಿ ತೆಗೆಯುವ ಒಂದು ಏರ್ಪಾಟು ಅವರ ಪ್ರೋಗ್ರಾಮಿನಲ್ಲಿತ್ತು. ಅದಕ್ಕೆ ಜರಡಿ ಎನ್ನುತ್ತಿದ್ದರು. ಫೋನಿನಲ್ಲಿ ಅದನ್ನು ಬೆರಳಿಂದ ಒತ್ತಿದರು. ಮುಳ್ಳುಗಳು ಮಾಯವಾದವು. ಗೆರೆ ನುಣುಪಾಗಿ, ಪುಸ್ತಕದಲ್ಲಿ ಅಚ್ಚು ಹಾಕಿದ ಹಾಗೆ ನಿಂತಿತು. ಪತ್ರಿಕೆಯವರು ಬಂದು ಆ ಗೆರೆಯ ಮುಂದೆ ಅವರನ್ನು ನಿಲ್ಲಿಸಿ ಫೋಟೋ ತೆಗೆದರು. ತ್ರಿವಿಕ್ರಮ ಊಟ ಮಾಡಿಸಿ ಬಸ್ಸಿಗೆ ಬಿಟ್ಟರು. ಮಾಚೇನಹಳ್ಳಿ ದಾಟುವಾಗ ಶಿವಮೂರ್ತಪ್ಪ ಮತ್ತೆ ಮನೆಗೆ ಫೋನ್ ಮಾಡಿದರು. ಎತ್ತಲಿಲ್ಲ. ಮಲಗಿರಬೇಕು ಎಂದುಕೊಂಡರು.

ಮೂರೂವರೆಗೆ ಮನೆ ಸೇರಿದರು. ಹೆಂಡತಿಯ ಫೋನು ನಡುಮನೆಯಲ್ಲಿ ಚಾರ್ಜಿಗಿತ್ತು. ಬಸವರಾಜೇಶ್ವರಿ ಬಚ್ಚಲಲ್ಲಿ, ನೆನೆದ ಜಮಖಾನದ ಪಕ್ಕ ಬಿದ್ದಿದ್ದರು. ತಲೆಯ ಹಿಂದೆ ರಕ್ತ ಒಣಗಿತ್ತು. ಉಸಿರಿತ್ತು. ಸೊಂಟದ ಮೂಳೆ ಮುರಿದಿತ್ತು, ತಲೆಯೊಳಗೆ ರಕ್ತ ಕಟ್ಟಿತ್ತು ಎಂದು ಶಿವಮೊಗ್ಗದ ಆಸ್ಪತ್ರೆಯಲ್ಲಿ ಹೇಳಿದರು. ಅವರ ಕ್ವಾರ್ಟರ್ಸಿನ ಸಾಲಿನಲ್ಲಿ ಅರ್ಧ ಮನೆಗಳು ಖಾಲಿ. ದೇವರಾಜ್ ದಂಪತಿ ಕೆಲಸಕ್ಕೆ ಹೋಗಿದ್ದರು. ಈಚೆ ಮನೆಯ ತುಂಗಮ್ಮ ಹಬ್ಬದ ಸಂತೆಗೆ ಹೋಗಿದ್ದರು. ಯಾರಿಗೂ ಏನೂ ಕೇಳಿಸಿರಲಿಲ್ಲ.

ಯುಗಾದಿಯ ಮಾರನೆಯ ದಿನ ಬಸವರಾಜೇಶ್ವರಿ ಕಣ್ಣು ತೆರೆಯದೆಯೇ ಹೋದರು. ಬಿದ್ದ ತಕ್ಷಣ ಪ್ರಜ್ಞೆ ತಪ್ಪಿರುತ್ತದೆ, ಅವರಿಗೆ ನೋವೇ ಗೊತ್ತಾಗಿರುವುದಿಲ್ಲ ಎಂದು ವೈದ್ಯರು ಮಗಳಿಗೆ ಹೇಳಿದರು. ಮಗಳು ಅಮೂಲ್ಯ ಶಿವಮೊಗ್ಗದಲ್ಲೇ ಗಂಡನ ಮನೆಯಲ್ಲಿದ್ದವಳು, ಬೇರೊಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಸಮಾಧಿಯ ಹತ್ತಿರ, ಶಿವಗಣಾರಾಧನೆಯ ದಿನ, ಬಂದವರ ಮುಂದೆಲ್ಲ ಅವಳು ಆ ಮಾತನ್ನೇ ಹೇಳಿದಳು. ಅಮ್ಮನಿಗೆ ಏನೂ ಗೊತ್ತಾಗಲಿಲ್ಲ ಎಂಬುದನ್ನು ಹಿಡಿದುಕೊಂಡೇ ಅವಳು ನಿಂತಿದ್ದಳು.

ಒಂದೂವರೆ ತಿಂಗಳು ಶಿವಮೂರ್ತಪ್ಪ ಹಿಂದಿನ ಕೋಣೆಗೆ ಕಾಲಿಡಲಿಲ್ಲ. ಮೇ ತಿಂಗಳಲ್ಲಿ ತ್ರಿವಿಕ್ರಮ ಫೋನ್ ಮಾಡಿ ಹಿಂಜರಿಯುತ್ತಲೇ ಕೇಳಿದರು. ಬರ್ಮಾದ ಭೂಕಂಪದ ಬಗ್ಗೆ ಕಾಲೇಜಿನಿಂದ ಒಂದು ವರದಿ ಮಾಡುತ್ತಿದ್ದಾರೆ, ಸೋಸದ ಮೂಲ ದಾಖಲೆ ಬೇಕಿತ್ತು, ಯಾವ ಗೆರೆ ಯಾವುದು ಎಂದು ಗುರುತು ಹಾಕಿ ಕೊಟ್ಟರೆ ಒಳ್ಳೆಯದು. ಕೆಲಸ ಇದ್ದರೆ ಮನಸ್ಸು ತಿಳಿಯಾದೀತು ಎಂಬ ಆಸೆಯೂ ಅವರ ಮಾತಿನಲ್ಲಿತ್ತು.

ಬೆಳಗಿನ ತಿಂಡಿ ಮುಗಿಸಿ ಶಿವಮೂರ್ತಪ್ಪ ಕಂಪ್ಯೂಟರಿನ ಮುಂದೆ ಕೂತರು. ಮೊದಲ ಅಲೆ, ಎರಡನೆಯದು, ದೊಡ್ಡ ಅಲೆಗಳು, ಹನ್ನೆರಡು ಏಳಕ್ಕೆ ಅದೇ ಜಾಗದಿಂದ ಬಂದ ಇನ್ನೊಂದು ಭೂಕಂಪದ ನಡುಕ. ಒಂದೊಂದಕ್ಕೂ ಗುರುತು ಹಾಕುತ್ತ ಬಂದರು. ಆಮೇಲೆ ಜರಡಿ ತೆಗೆದರು. ಮುಳ್ಳುಗಳು ಮತ್ತೆ ಎದ್ದವು.

ಗಾರೆ ಕೆಲಸ ಎಂದು ಬರೆಯುವ ಮುಂಚೆ, ಅಭ್ಯಾಸಬಲದಿಂದ, ಗುರುವಾರದ ದಾಖಲೆಯನ್ನೂ ತೆಗೆದು ಪಕ್ಕದಲ್ಲಿಟ್ಟರು. ಗುರುವಾರದ ಪೆಟ್ಟುಗಳು ಒಂದೇ ಸಮನೆ, ಲೆಕ್ಕವಿಲ್ಲದೆ, ಬೆಳಿಗ್ಗೆ ಒಂಬತ್ತರಿಂದ ಸಂಜೆಯವರೆಗೆ. ಶುಕ್ರವಾರ ಬೆಳಗಿನಿಂದ ಹನ್ನೆರಡೂ ಕಾಲಿನವರೆಗೆ ಒಂದು ಪೆಟ್ಟೂ ಇಲ್ಲ. ಎದ್ದು ಹೋಗಿ ದೇವರಾಜನನ್ನು ಕೇಳಿದರು. ಹಬ್ಬಕ್ಕೆಂದು ಗಾರೆಯವನು ಗುರುವಾರ ಸಂಜೆಯೇ ಊರಿಗೆ ಹೋಗಿದ್ದ, ಶುಕ್ರವಾರ ಕೆಲಸವೇ ನಡೆದಿಲ್ಲ ಎಂದ ಅವನು.

ವಾಪಸು ಬಂದು ಕೂತರು. ಹನ್ನೆರಡು ಇಪ್ಪತ್ತಾರಕ್ಕೆ ಒಂದು ದೊಡ್ಡ ಪೆಟ್ಟು, ಅಲೆಯ ನಡುವೆ ಮೊಳೆ ಹೊಡೆದಂತೆ. ಆಮೇಲೆ ಐದು ನಿಮಿಷ ಏನಿಲ್ಲ. ಹನ್ನೆರಡು ಮೂವತ್ತೊಂದಕ್ಕೆ ಮೂರು ಗೀರು. ಅರ್ಧ ನಿಮಿಷ ಬಿಟ್ಟು ಮತ್ತೆ ಮೂರು. ಮತ್ತೆ ಮೂರು.

ಅವರು ಬಚ್ಚಲಿಗೆ ಹೋದರು. ಆವತ್ತು ಆಕೆಯ ಕೈಹತ್ತಿರ ಬಿದ್ದಿದ್ದ ತಾಮ್ರದ ಚೊಂಬು ಹಂಡೆಯ ಪಕ್ಕದಲ್ಲಿತ್ತು. ಆಕೆ ಮಲಗಿದ್ದ ಜಾಗದಲ್ಲಿ ಕೂತು ಅದರಿಂದ ನೆಲಕ್ಕೆ ಮೂರು ಸಲ ತಟ್ಟಿದರು. ಮತ್ತೆ ಬಂದು ನೋಡಿದರು. ಈಗ ಮೂಡಿದ ಗೀರುಗಳೂ ಆವತ್ತಿನವೂ ಒಂದೇ ಆಕಾರದವು. ಹಳೆಯವು ಎತ್ತರದಲ್ಲಿ ಸ್ವಲ್ಪ ಕಡಿಮೆ, ಅಷ್ಟೆ.

ಮೂವತ್ತನಾಲ್ಕು ವರ್ಷ ಮಾಡಿದ ಕೆಲಸವನ್ನೇ ಅವರು ಆ ದಿನವೂ ಮಾಡಿದರು. ಸ್ಕೇಲು ಹಿಡಿದು ಒಂದೊಂದನ್ನೂ ಅಳೆದರು. ಮೊದಲು ಅರ್ಧ ನಿಮಿಷಕ್ಕೊಂದು ಸಲ. ಆಮೇಲೆ ಒಂದು ನಿಮಿಷಕ್ಕೆ, ಎರಡಕ್ಕೆ. ಎತ್ತರ ಕಡಿಮೆಯಾಗುತ್ತ ಬಂತು. ಹನ್ನೆರಡು ಐವತ್ತೆಂಟಕ್ಕೆ ಮೂರರ ಜಾಗದಲ್ಲಿ ಎರಡೇ. ಕೊನೆಯದು ಒಂದು ಹನ್ನೆರಡಕ್ಕೆ, ಒಂದೇ ಒಂದು. ಅಲ್ಲಿಂದ ಮುಂದೆ ಬರ್ಮಾದ ಅಲೆ ಮಾತ್ರ ತೆಳುವಾಗಿ ಹರಿದಿತ್ತು.

ಬಿದ್ದ ತಕ್ಷಣ ಪ್ರಜ್ಞೆ ಹೋಗಿರಲಿಲ್ಲ. ನಲವತ್ತಾರು ನಿಮಿಷ ಎಚ್ಚರವಿತ್ತು. ಎಲ್ಲ ಇಲ್ಲೇ ಕಾಣುತ್ತದೆ ಎಂದು ಗಂಡ ಹೇಳಿದ್ದನ್ನು ನಂಬಿ ಆಕೆ ಅವರನ್ನು ಕರೆದಿದ್ದರು. ಅವರು ನೋಡಿದ್ದರು. ಒಂದು ಹನ್ನೆರಡಕ್ಕೆ ತಾವು ಎಲ್ಲಿದ್ದೆವು ಎಂದು ನೆನಪು ಮಾಡಿಕೊಂಡರು. ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಮಧ್ಯಾಹ್ನ ತುಂಗಮ್ಮ ಸಾರು ಕೊಡಲು ಬಂದಾಗ ಅವರು ಕುರ್ಚಿಯಲ್ಲೇ ಇದ್ದರು. ಕರೆದರೆ ತಿರುಗಲಿಲ್ಲ. ಹುಷಾರಿಲ್ಲವೇ ಎಂದು ಆಕೆ ಭುಜ ಮುಟ್ಟಿದ ಮೇಲೆ, ಇಲ್ಲ, ಒಂದು ಲೆಕ್ಕ ಮಾಡ್ತಿದ್ದೆ ಎಂದರು.

ಮೂರು ದಿನ ಬಿಟ್ಟು ತ್ರಿವಿಕ್ರಮರಿಗೆ ದಾಖಲೆ ಕಳಿಸಿದರು. ಗುರುತುಗಳ ಪಟ್ಟಿಯಲ್ಲಿ, ಭೂಕಂಪದ ಅಲೆಗಳ ಕೆಳಗೆ, ೧೨.೨೬: ನನ್ನ ಹೆಂಡತಿ ಬಿದ್ದದ್ದು, ೧೨.೩೧ರಿಂದ ೧.೧೨: ಆಕೆ ನೆಲ ತಟ್ಟಿದ್ದು ಎಂದು ಬರೆದಿದ್ದರು. ತ್ರಿವಿಕ್ರಮ ಆವತ್ತೇ ಬೈಕಿನಲ್ಲಿ ಭದ್ರಾವತಿಗೆ ಬಂದರು. ಬಾಗಿಲಲ್ಲೇ ನಿಂತರು.

"ಆವತ್ತು ನಾನು ಇನ್ನೊಂದು ಸಲ ಕೇಳ್ಬೇಕಿತ್ತು ಸರ್."

"ನೀವು ಕೇಳಿದ್ರಿ. ಉತ್ತರ ಹೇಳಿದ್ದು ನಾನು. ಒಳಗೆ ಬನ್ನಿ."

ವರದಿಯಲ್ಲಿ ಆ ಸಾಲುಗಳನ್ನು ಬಿಟ್ಟುಬಿಡಲೇ ಎಂದು ತ್ರಿವಿಕ್ರಮ ಕೇಳಿದರು. ಶಿವಮೂರ್ತಪ್ಪ ಯೋಚಿಸಿ, ಸ್ಥಳೀಯ ಕಂಪನ ಎಂದು ಹಾಕಿ, ಆದರೆ ಗೆರೆಯನ್ನು ಸೋಸಬೇಡಿ ಎಂದರು. ಹಾಗೆಯೇ ಆಯಿತು.

ಮಗಳಿಗೆ ಹೇಳುವುದು ಉಳಿದಿತ್ತು. ಹೇಳದೇ ಇರುವುದು ಸುಲಭವಾಗಿತ್ತು, ಯಾರೂ ಕೇಳುತ್ತಿರಲಿಲ್ಲ. ಅಮೂಲ್ಯ ಪ್ರತಿ ಭಾನುವಾರ ಅಡುಗೆ ಮಾಡಿ ಡಬ್ಬಿಯಲ್ಲಿ ತರುತ್ತಿದ್ದಳು. ಜೂನ್ ತಿಂಗಳ ಒಂದು ಭಾನುವಾರ ಚನ್ನಗಿರಿಯಿಂದ ಅವಳ ಚಿಕ್ಕಮ್ಮ ಬಂದಿದ್ದರು. ಅಕ್ಕ ಎಷ್ಟು ಒದ್ದಾಡಿದಳೋ ಎಂದು ಅವರು ಅತ್ತಾಗ ಅಮೂಲ್ಯ, ಅಮ್ಮನಿಗೆ ಏನೂ ಗೊತ್ತಾಗಲಿಲ್ಲ ಎಂಬ ಅದೇ ಮಾತು ಹೇಳಿದಳು. ಹೇಳಿ ತಂದೆಯ ಮುಖ ನೋಡಿದಳು, ಹೌದು ಎನ್ನಲಿ ಎಂದು. ಶಿವಮೂರ್ತಪ್ಪ ತಲೆ ತಗ್ಗಿಸಿದರು.

ಚಿಕ್ಕಮ್ಮನನ್ನು ಬಸ್ಸಿಗೆ ಬಿಟ್ಟು ಬಂದ ಮೇಲೆ ಅವಳನ್ನು ಹಿಂದಿನ ಕೋಣೆಗೆ ಕರೆದು ಕೂರಿಸಿದರು. ಗೆರೆ ತೋರಿಸಿ ಮೊದಲಿಂದ ಹೇಳಿದರು. ಯಾವುದನ್ನೂ ಬಿಡಲಿಲ್ಲ.

"ಇದು ಆವತ್ತು ನಿಮ್ಮ ಫೋನಲ್ಲಿ ಕಾಣ್ತಿತ್ತಾ ಅಪ್ಪಾಜಿ?"

"ಕಾಣ್ತಿತ್ತು."

"ನೋಡಿದ್ರಾ?"

"ನೋಡ್ದೆ. ಗಾರೆ ಕೆಲಸ ಅಂದ್ಕೊಂಡು ಅಳಿಸ್ದೆ."

"ನಂಗ್ಯಾಕೆ ಹೇಳಿದ್ರಿ?" ಎಂದಳು. ದನಿ ಏರಿರಲಿಲ್ಲ. "ನಾನು ಹೇಗೋ ಇದ್ದೆ. ನೀವೊಬ್ರೇ ಇಟ್ಕೋಬಹುದಿತ್ತು."

ಅವಳು ಡಬ್ಬಿಯನ್ನೂ ತೆಗೆದುಕೊಳ್ಳದೆ ಹೊರಟುಹೋದಳು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಅಳಿಯ ವಿಜಯಕುಮಾರ್ ಒಂದೆರಡು ಸಲ ಬಂದು ಹಣ್ಣು ಕೊಟ್ಟು, ಮಾತಿಗೆ ತಡಕಾಡಿ ಹೋದ. ಶಿವಮೂರ್ತಪ್ಪ ಸೊರಗಿಹೋದರು. ಒಲೆ ಹಚ್ಚಿದ ದಿನಕ್ಕಿಂತ ಹಚ್ಚದ ದಿನಗಳೇ ಹೆಚ್ಚು. ಆಗಸ್ಟಿನಲ್ಲಿ ಜ್ವರ ಬಂದು ಮೂರು ದಿನ ಏಳಲಿಲ್ಲ. ತುಂಗಮ್ಮ ಫೋನ್ ಮಾಡಿದ ಮೇಲೆ ಅಮೂಲ್ಯ ಬಂದಳು. ಬಂದವಳೇ ಅವರ ಬಟ್ಟೆಗಳನ್ನು ಚೀಲಕ್ಕೆ ತುಂಬಿ, ಆಟೋ ಕರೆದು, ತನ್ನ ಮನೆಗೆ ಕರೆದುಕೊಂಡು ಹೋದಳು.

ಲೀಸು ಬಿಟ್ಟುಕೊಟ್ಟದ್ದಾಯಿತು. ಯಂತ್ರವನ್ನು ತ್ರಿವಿಕ್ರಮ ಬಿಚ್ಚಿಸಿ ಕಾಲೇಜಿಗೆ ಒಯ್ದರು. ಅದನ್ನು ಕೂರಿಸಿಕೊಡಲು ಬನ್ನಿ ಎಂದು ಕರೆದರೆ ಶಿವಮೂರ್ತಪ್ಪ ಹೋಗಿ ಎರಡು ದಿನ ಕೆಲಸ ಮಾಡಿ ಬಂದರು. ಮತ್ತೆ ಹೋಗಲಿಲ್ಲ.

ಈಗ ಅವರು ಶಿವಮೊಗ್ಗದಲ್ಲಿ ಮಗಳ ಮನೆಯಲ್ಲಿದ್ದಾರೆ. ಬೆಳಿಗ್ಗೆ ಮೊಮ್ಮಗಳು ಸ್ಪಂದನಾಳನ್ನು ಶಾಲೆಗೆ ಬಿಡುತ್ತಾರೆ, ಮಧ್ಯಾಹ್ನ ಕರೆತರುತ್ತಾರೆ. ಅಮೂಲ್ಯ ಊಟಕ್ಕೆ ಕರೆಯುತ್ತಾಳೆ, ಬಿ.ಪಿ. ಮಾತ್ರೆ ತೆಗೆದುಕೊಂಡಿರಾ ಎಂದು ಕೇಳುತ್ತಾಳೆ, ತಿಂಗಳಿಗೊಮ್ಮೆ ರಕ್ತ ತಾನೇ ತೆಗೆದು ಪರೀಕ್ಷೆ ಮಾಡುತ್ತಾಳೆ. ಬೇರೆ ಮಾತಿಲ್ಲ. ಎಲ್ಲಾದರೂ ಅಮ್ಮನ ವಿಷಯ ಬಂದರೆ ಎದ್ದು ಒಳಗೆ ಹೋಗುತ್ತಾಳೆ. ಅವರು ಕೂತಲ್ಲೇ ಕೂತು ಅನ್ನ ಮುಗಿಸಿ, ತಮ್ಮ ತಟ್ಟೆ ತಾವೇ ತೊಳೆದಿಡುತ್ತಾರೆ.