ಮಾರ್ಟಿನಾ ಬಾಯಿ ಅವಸರದಲ್ಲಿ ಮುಗಿಸಿದ ಕಥೆ

ದುಬೈಯ ಅಲ್ ಕೂಜ್‌ನ ಕೆಲಸಗಾರರ ವಸತಿಯಿಂದ ಬಸ್ಸು ಹೊರಡುವಾಗ ಇನ್ನೂ ಬೆಳಕು ಹರಿದಿಲ್ಲ. ಹೋಟೆಲಿನ ಕೋಣೆ ಗುಡಿಸುವ, ಹಾಸಿಗೆ ಹಾಸುವ ಹೆಂಗಸರು ತೂಕಡಿಸುತ್ತಿದ್ದಾರೆ; ಇವರ ಬಗ್ಗೆ ಬರೆಯಲು ಬಂದ ನಾನೂ ನಡುವೆ ಕೂತಿದ್ದೇನೆ. ಮುಂದಿನ ಸೀಟಿನಲ್ಲಿ ಮಾರ್ಟಿನಾ ಹಿಂದಕ್ಕೆ ತಿರುಗಿ, ಗಂಟಲು ಸರಿಮಾಡಿಕೊಂಡು ಕಥೆ ಶುರು ಮಾಡುತ್ತಾರೆ. ಎಲ್ಲರಿಗೂ ಅವರು ಮಾರ್ಟಿನಾ ಬಾಯಿ, ಅಂದರೆ ಅಕ್ಕ. ತೂಕಡಿಕೆ ಅಲ್ಲಿಗೆ ಮುಗಿಯಿತು.

ಕಥೆ ಅವರದಲ್ಲ. ನೂರೈವತ್ತು ವರ್ಷಗಳ ಹಿಂದೆ ಅಮೆರಿಕದ ಹೆಂಗಸರು ಮುಗಿಬಿದ್ದು ಓದುತ್ತಿದ್ದ, ಈಗ ಅಲ್ಲಿಯೇ ಯಾರಿಗೂ ನೆನಪಿಲ್ಲದ ಒಬ್ಬ ಕಾದಂಬರಿಕಾರ್ತಿಯದು. ಯಾರೋ ಅತಿಥಿ ಹೋಟೆಲಿನ ಕೋಣೆಯಲ್ಲಿ ಬಿಟ್ಟುಹೋದ ಆಕೆಯ ದಪ್ಪ ಪುಸ್ತಕಗಳು ಕೇಳುವವರಿಲ್ಲದೆ ಇವರ ಕೈಸೇರಿವೆ. ತಮ್ಮೂರು ಶಿರ್ವದ ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ ಓದಿ, ತುಳು ಬೆರೆತ ಕನ್ನಡದಲ್ಲಿ ಬಡಿಸುತ್ತಾರೆ. "ಎಲ್ಲದ್ರಲ್ಲೂ ತಬ್ಬಲಿ ಹುಡುಗಿ, ಸೊಕ್ಕಿನ ಗಂಡಸು, ಕಣ್ಣೀರು. ನಮ್ಮದೇ ಕಥೆ ಮಾರಾಯ್ರೆ, ಚಳಿ ಮಾತ್ರ ಹೆಚ್ಚು."

ಇದಕ್ಕೊಂದು ಕಟ್ಟುಪಾಡಿದೆ. ಹೋಟೆಲಿನ ಗೇಟು ಬರುವಾಗ ಕಥೆ ಸುಖದಲ್ಲಿ ನಿಲ್ಲಬೇಕು. "ಅತ್ತ ಮುಖ ಹೊತ್ತು ಒಳಗೆ ಹೋದ್ರೆ ಸೂಪರ್‌ವೈಸರ್ ಬಿಡ್ತಾರಾ? ಗೆಸ್ಟಿಗೆ ನಗುಮುಖವೇ ಬೇಕು."

2013ರ ಚಳಿಗಾಲದ ಕಥೆಯಲ್ಲಿ, ಹೊಡೆಯುವ ಗಂಡನನ್ನು ಬಿಟ್ಟು ಬಂದ ಹೆಂಡತಿಯಿದ್ದಳು. ಅದೇ ಬಸ್ಸಿನಲ್ಲಿ ಫರ್ಝಾನ ಇದ್ದಳು, ದುಬೈಯದೇ ಇನ್ನೊಂದು ಬಡಾವಣೆ ಅಲ್ ನಹ್ದಾದ ಫ್ಲ್ಯಾಟಿನಲ್ಲಿ ಅಂಥದೇ ಗಂಡನನ್ನು ಬಿಟ್ಟು ಬಂದು ವಸತಿಯಲ್ಲಿ ಮಾರ್ಟಿನಾರ ಪಕ್ಕದ ಹಾಸಿಗೆ ಸೇರಿದವಳು. ಗಂಡ ದಿನವೂ ಫೋನು ಮಾಡಿ ಕರೆಯುತ್ತಿದ್ದ. ಇವಳು ದಿನವೂ ಕೇಳುತ್ತಿದ್ದಳು, "ಅವಳು ವಾಪಸ್ ಹೋದ್ಳಾ ಬಾಯಿ?"

ಪುಸ್ತಕದಲ್ಲಿ ಅವಳು ಹೋಗುವುದಿಲ್ಲ. ಹೊಲಿಗೆ ಹಾಕಿ ಬದುಕುತ್ತಾಳೆ; ಗಂಡ ಬಂದು ಬಾಗಿಲು ಬಡಿದರೂ ತೆರೆಯುವುದಿಲ್ಲ. ಅಲ್ಲಿಗೆ ತಲುಪುವ ಮೊದಲೇ ಗೇಟು ಬಂತು. ಬಸ್ಸಿನಲ್ಲಿ ಎಲ್ಲರ ಕಣ್ಣೂ ಒದ್ದೆ. "ಗಂಡ ಸರಿಯಾದ, ಇವಳು ಹೋದ್ಳು, ಖಲಾಸ್" ಎಂದು ಮಾರ್ಟಿನಾ ಮುಗಿಸಿಬಿಟ್ಟರು. ಆ ಸಂಜೆ ಫರ್ಝಾನ ವಸತಿಗೆ ಮರಳುವ ಬಸ್ಸು ಹತ್ತಲಿಲ್ಲ.

ರಜೆಯ ಶುಕ್ರವಾರ ಮಾರ್ಟಿನಾ ಅಲ್ ನಹ್ದಾಕ್ಕೆ ಹೋದರು. ಬಾಗಿಲು ಅರ್ಧ ತೆರೆಯಿತು. ಫರ್ಝಾನಳ ತುಟಿ ಒಡೆದಿತ್ತು, ಹಿಂದೆ ಗಂಡ ನಿಂತಿದ್ದ. "ಕಥೆಯಲ್ಲಿ ಅವ ಸರಿಯಾಗ್ಲಿಕ್ಕೆ ಎಷ್ಟು ಸಮಯ ಹಿಡಿದಿತ್ತು ಬಾಯಿ?" ಎಂದು ಮೆಲ್ಲಗೆ ಕೇಳಿದಳು. ಗಂಡನ ಮುಖ ನೋಡಿ ಮಾರ್ಟಿನಾ ಮೆಟ್ಟಿಲಿಳಿದು ಬಂದರು.

ಮತ್ತೆ ಹೋದಾಗ ಫ್ಲ್ಯಾಟಿಗೆ ಬೀಗ. ಫೋನು ಬಂದ್. ವಿಚಾರಿಸಿದರೆ, ಸಂಬಂಧಿಕರಲ್ಲದವರಿಗೆ ಯಾರೂ ಏನೂ ಹೇಳುವುದಿಲ್ಲ. ನಿಮ್ಮ ತಪ್ಪಲ್ಲ ಎಂದು ನಾನೂ ಹೇಳಿ ನೋಡಿದೆ. ಅದು ಬಾಯಿಮಾತು ಎಂದು ಇಬ್ಬರಿಗೂ ಗೊತ್ತಿತ್ತು.

ಈಗ ಮಾರ್ಟಿನಾ ಕಥೆಯ ಕೊನೆಯನ್ನೇ ಮೊದಲು ಹೇಳುತ್ತಾರೆ. ಹೆಂಗಸರು ಗೊಣಗುತ್ತಾರೆ, ಆದರೂ ಕೇಳುತ್ತಾರೆ. ಗೇಟು ಬರುತ್ತದೆ. ಮುಖ ಒರೆಸಿಕೊಂಡು, ನಗು ತಂದುಕೊಂಡು ಏಳುವ ಮಾರ್ಟಿನಾರನ್ನು, ನಿಮ್ಮ ಆಸೆಯೇನು ಎಂದು ಕೇಳುತ್ತೇನೆ.

"ಆ ಬಾಗಿಲು ಇನ್ನೊಮ್ಮೆ ತೆಗೆದ್ರೆ ಸಾಕು. ಪುಸ್ತಕದವಳು ಹೋಗ್ಲೇ ಇಲ್ಲ ಫರ್ಝಾನ ಅಂತ, ಗಂಡನ ಎದುರೇ ಹೇಳ್ತೇನೆ."