ಮುಯ್ಯಾಳಿನ ವಾರ

ಆ ಶುಕ್ರವಾರ ನಾನು ಮಾಡಿದ ಕೆಲಸಗಳು: ಐದಕ್ಕೆ ಎದ್ದು ಬರೀ ನೀರಲ್ಲಿ ಸ್ನಾನ ಮಾಡಿದೆ. ಸೋಪು ಮುಟ್ಟಲಿಲ್ಲ, ಪೌಡರ್ ಹಚ್ಚಲಿಲ್ಲ, ಹೂ ಮುಡಿಯಲಿಲ್ಲ. ಚಿತ್ರಾನ್ನ ಕಲಸಿ ಮನೆಯವರ ಡಬ್ಬಿಗೆ ಹಾಕಿದೆ. ರಾಮನಗರದಿಂದ ಮೊದಲ ಬಸ್ಸು ಹಿಡಿದು ಶಾಲೆಗೆ ಹೋಗಿ, ಹೆಡ್‌ಮಾಸ್ಟರ ಮೇಜಿನ ಮೇಲೆ ಒಂದು ದಿನದ ರಜೆಚೀಟಿ ಇಟ್ಟೆ. ಏಳನೇ ತರಗತಿಯ ಇಪ್ಪತ್ತೊಂದು ಮಕ್ಕಳನ್ನು ಎಣಿಸಿ ಟೆಂಪೋ ಹತ್ತಿಸಿದೆ. ವಾಂತಿ ಮಾಡುವ ಇಬ್ಬರನ್ನು ಕಿಟಕಿಗೆ ಕೂರಿಸಿ ಕೈಗೊಂದು ನಿಂಬೆಹಣ್ಣು ಕೊಟ್ಟೆ. ಟೆಂಪೋ ಚನ್ನಪಟ್ಟಣದ ಕಡೆ ಹೊರಟಿತು. ನಾನು ಹತ್ತಲಿಲ್ಲ. ಊರಾಚೆಯ ಒಂದು ಹುಳದ ಮನೆಗೆ ನಡೆದು ಹೋಗಿ, ಸಂಜೆ ನಾಲ್ಕರವರೆಗೆ ರೇಷ್ಮೆ ಹುಳ ಆರಿಸಿದೆ.

ಮಕ್ಕಳನ್ನು ಪ್ರವಾಸಕ್ಕೆ ಕಳಿಸಿ ಟೀಚರು ಹುಳ ಆರಿಸಲು ಹೋದದ್ದು ಯಾಕೆ ಅಂದರೆ, ಆ ವಾರವನ್ನು ಸೋಮವಾರದಿಂದಲೇ ಹೇಳಬೇಕು.

ನಮ್ಮದು ಕೂಟಗಲ್ ಕಡೆಯ ಒಂದು ಹಳ್ಳಿಯ ಶಾಲೆ. ವರ್ಷಕ್ಕೊಮ್ಮೆ ಪಠ್ಯಪುಸ್ತಕ ಬೀರುವಿನಲ್ಲೇ ಬಿಟ್ಟು, ಒಂದು ವಾರ ಪೂರ್ತಿ ಕೈಕೆಲಸ, ಆಟ, ಓಡಾಟ. ಸೋಮವಾರ ಒಂದು ರಟ್ಟಿನ ಡಬ್ಬಿ ಇಟ್ಟು, "ಈ ವಾರ ನೀವು ಏನು ತಿಳ್ಕೋಬೇಕು ಅಂತಿದ್ದೀರೋ ಚೀಟಿಯಲ್ಲಿ ಬರೆದು ಹಾಕಿ" ಅಂದೆ. ಹೆಚ್ಚಿನವರು ಕ್ರಿಕೆಟ್ ಅಂತ ಬರೆದರು. ಒಬ್ಬ 'ಮದ್ಯಾನದ ಊಟಕ್ಕೆ ಕೋಳಿ' ಅಂತ ಬರೆದ. ಒಂದು ಚೀಟಿಯಲ್ಲಿ ಮಾತ್ರ ಸಣ್ಣ ಅಕ್ಷರದಲ್ಲಿ ಹೀಗಿತ್ತು: 'ಚನ್ನಪಟ್ಟಣದ ಬೊಂಬೆಗೆ ಬಣ್ಣ ಬಳಿಯುವುದಿಲ್ಲವಂತೆ. ಹಾಗಾದರೆ ಬಣ್ಣ ಮರಕ್ಕೆ ಹೇಗೆ ಹಿಡಿಯುತ್ತದೆ? ನನಗೆ ಕಣ್ಣಲ್ಲಿ ನೋಡಬೇಕು.'

ಹೆಸರು ಬರೆದಿರಲಿಲ್ಲ, ಆದರೆ ಅಕ್ಷರ ಯಾರದೆಂದು ನನಗೆ ಗೊತ್ತಿತ್ತು. ಮೂರನೇ ಬೆಂಚಿನ ಗೋಡೆ ಪಕ್ಕದ ಹುಡುಗಿ. ಐದನೇ ತರಗತಿಯಿಂದ ನನ್ನ ಹತ್ತಿರವೇ ಓದಿದವಳು. ಮೂರು ವರ್ಷದಲ್ಲಿ ತಾನಾಗಿ ಒಂದು ಪ್ರಶ್ನೆಯನ್ನೂ ಕೇಳಿದವಳಲ್ಲ. ಆ ಚೀಟಿಯನ್ನು ಮಡಿಸಿ ಪರ್ಸಿನಲ್ಲಿಟ್ಟುಕೊಂಡೆ. ಗುರುವಾರಕ್ಕೆ ಬೊಂಬೆ ಕಾರ್ಖಾನೆ ಗೊತ್ತು ಮಾಡಿ, "ನಿನ್ನ ಪ್ರಶ್ನೆಗೇ ಹೋಗ್ತಿರೋದು" ಅಂತ ಅವಳ ಕಿವಿಯಲ್ಲಿ ಹೇಳಿದೆ. ಅವಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

ಮಂಗಳವಾರ ಕೇಳುವ ಪಾಠ. ಹೊಂಗೆ ಮರದ ಕೆಳಗೆ ಎಲ್ಲರೂ ಕಣ್ಣು ಮುಚ್ಚಿ ಕೂತು, ಹತ್ತು ನಿಮಿಷ ಕೇಳಿಸಿದ್ದನ್ನೆಲ್ಲ ಆಮೇಲೆ ಬರೆಯುವುದು. ನಾನೂ ಕಣ್ಣು ಮುಚ್ಚಿದೆ. ದೂರದಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು, ಅದಕ್ಕಿಂತ ದೂರದಲ್ಲಿ ರೈಲು, ಎಲೆಯೊಂದು ಪಕ್ಕದ ಎಲೆಗೆ ತಾಗಿ ಕೆಳಗಿಳಿಯುವುದು. ಇಷ್ಟು ಸದ್ದು ದಿನವೂ ಎಲ್ಲಿ ಅಡಗಿರುತ್ತದೋ ಅನಿಸಿತು. ಕಣ್ಣು ಬಿಟ್ಟಾಗ ಇಬ್ಬರು ಹುಡುಗರು ಒರಗಿಕೊಂಡು ನಿದ್ದೆ ಹೋಗಿದ್ದರು. ಬುಧವಾರ ಬಾವುಟದ ಕಂಬದ ನೆರಳಿಗೆ ಅರ್ಧ ಗಂಟೆಗೊಮ್ಮೆ ಸೀಮೆಸುಣ್ಣದ ಗೆರೆ. ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ದೊಡ್ಡ ಬೀಸಣಿಗೆ ಬಿಚ್ಚಿಟ್ಟ ಹಾಗೆ ಗೆರೆಗಳು. ಆಮೇಲೆ ಮೋಡ ಕವಿದು ನೆರಳೇ ಇಲ್ಲವಾಯಿತು. ಮಕ್ಕಳು ಅದು ಮತ್ತೆ ಬರಲೆಂದು ಸುತ್ತ ಕುಕ್ಕರುಗಾಲಲ್ಲಿ ಕೂತು ಕಾದರು.

ಎರಡು ದಿನವೂ ಆ ಹುಡುಗಿ ಬರಲಿಲ್ಲ. ಬುಧವಾರ ಸಂಜೆ ಅವಳ ಮನೆಗೆ ಹೋದೆ. ಜಗಲಿಯಲ್ಲಿ ಅವಳಜ್ಜಿ ಬಿದಿರಿನ ಚಂದ್ರಿಕೆಗಳನ್ನು ಒರೆಸುತ್ತಿದ್ದರು. ಹುಳ ಗೂಡು ಕಟ್ಟಲಿಕ್ಕೆ ಬಿಡುವ ಅಗಲವಾದ ತಟ್ಟಿ ಅದು, ಮೇಲೆ ಬಿದಿರು ದಬ್ಬೆಯ ಸುರುಳಿ ಹೆಣೆದಿರುತ್ತದೆ.

"ನಾಲ್ಕನೇ ಜ್ವರ ಎದ್ದು ಏಳು ದಿನ ಆಯ್ತು ಮೇಡಂ," ಅಂದರು ಅಜ್ಜಿ. ಹುಳ ಸೊಪ್ಪು ತಿನ್ನುವುದು ಬಿಟ್ಟು ಮಲಗಿ, ಪೊರೆ ಕಳಚಿ ಏಳುವುದಕ್ಕೆ ಇಲ್ಲಿ ಜ್ವರ ಅನ್ನುತ್ತಾರೆ. ನಾಲ್ಕು ಸಲ ಹಾಗೆ ಮಲಗಿ ಎದ್ದು, ವಾರ ಕಳೆದ ಮೇಲೆ ಗೂಡು ಕಟ್ಟುವಷ್ಟು ಹಣ್ಣಾಗುತ್ತದೆ, ಆಗ ಆರಿಸಿ ಚಂದ್ರಿಕೆಗೆ ಬಿಡಬೇಕು. "ಗುರುವಾರಕ್ಕೆ ಅಷ್ಟೂ ಹಣ್ಣಾಗ್ತವೆ. ಹಣ್ಣು ಹುಳ ಒಂದ್ ಗಳಿಗೆ ಕಾಯಕಿಲ್ಲ, ಸಿಕ್ಕಿದ್ ಕಡೆ ಗೂಡು ಕಟ್ಬುಡ್ತದೆ. ನಾನು, ಇವಳವ್ವ, ಇವಳು. ಮೂರೇ ಜನ. ಇವಳ ಕಳಿಸ್ಬುಟ್ಟು ನಾನೇನ್ ಮಾಡ್ಲಿ?"

ಹುಡುಗಿ ಬಾಗಿಲ ಸಂದಿನಲ್ಲಿ ನಿಂತಿದ್ದಳು. "ಪರವಾಗಿಲ್ಲ ಮಿಸ್" ಅಂದಳು. ಇಪ್ಪತ್ತು ವರ್ಷದಿಂದ ಮಕ್ಕಳ ಬಾಯಲ್ಲಿ 'ಪರವಾಗಿಲ್ಲ' ಕೇಳಿದ್ದೇನೆ. ಈ ಪರವಾಗಿಲ್ಲವನ್ನು ಹೊತ್ತುಕೊಂಡೇ ಮನೆಗೆ ಬಂದೆ, ನಿದ್ದೆ ಹತ್ತಲಿಲ್ಲ.

ಗುರುವಾರ ಬೆಳಿಗ್ಗೆ ತಲೆ ಸಿಡಿಯುತ್ತಿತ್ತು. ಹಣೆಗೆ ಮುಲಾಮು ತಿಕ್ಕಿಕೊಂಡು ಶಾಲೆಗೆ ಹೋಗಿ, ಅವಳು ಬರುವುದಿಲ್ಲ ಅಂತ ಮಕ್ಕಳಿಗೆ ಹೇಳಿದೆ. ಅವಳ ಪಕ್ಕ ಕೂರುವ ಹುಡುಗಿ ಎದ್ದು ನಿಂತು, "ಮುಯ್ಯಾಳು ಹೋಗನ ಮಿಸ್" ಅಂದಳು. ಇವತ್ತು ನಮ್ಮ ಹೊಲಕ್ಕೆ ನೀವು, ನಾಳೆ ನಿಮ್ಮ ಹೊಲಕ್ಕೆ ನಾವು. ಕೂಲಿ ಇಲ್ಲ, ಆಳಿಗೆ ಆಳು. ನಾಟಿ, ಕಳೆ, ಹುಳ, ಯಾವುದಕ್ಕೂ ಇಲ್ಲಿ ಮನೆಮನೆಗಳ ನಡುವೆ ನಡೆಯುವುದು ಇದೇ ಮುಯ್ಯಿ.

"ಇವತ್ತು ಎಲ್ರೂ ಹೋಗಿ ಹುಳ ಆರಿಸ್ಬುಟ್ರೆ, ನಾಳೆ ಅವಳೂ ಬತ್ತಾಳೆ!"

ಬೊಂಬೆ ಕಾರ್ಖಾನೆಯ ಸಾಹೇಬರಿಗೆ ಫೋನ್ ಮಾಡಿ, ಇವತ್ತಿನ ಬದಲು ನಾಳೆ ಬರಬಹುದಾ ಅಂತ ಕೇಳಿದೆ. "ನಾಳೆ ಜುಮ್ಮಾ ಅಲ್ವಾ ಮೇಡಂ, ನಮಾಜ್ ಮುಗ್ಸಿ ಎರಡಕ್ಕೆ ಶುರು ಮಾಡೋಣ. ಬೆಳಿಗ್ಗೆ ಬಂದು ಮರ ಕೊಯ್ಯೋದ್ ನೋಡ್ಲಿ, ಆರಾಮಾಗಿ" ಅಂದರು.

ಇಪ್ಪತ್ತು ಮಕ್ಕಳು ಸಾಲಾಗಿ ಹುಳದ ಮನೆ ಮುಂದೆ ನಿಂತರು. ಅಜ್ಜಿ ಬ್ಲೀಚಿಂಗ್ ಪುಡಿಯ ನೀರಲ್ಲಿ ನೆನೆಸಿದ ಗೋಣಿಚೀಲ ಹಾಸಿ, ಕಾಲು ಒರೆಸಿ, ಕೈ ತೊಳೆಸಿ ಒಬ್ಬೊಬ್ಬರನ್ನೇ ಒಳಗೆ ಬಿಟ್ಟರು. ಕೊನೆಯಲ್ಲಿ ನಾನು.

"ಅಲ್ಲೇ ನಿಂತ್ಕಳಿ ಮೇಡಂ! ಹಣೆಗೆ ಏನ್ ಬಳ್ಕಂಡಿದ್ದೀರಿ?"

"ತಲೆನೋವು ಅಂತ ಸ್ವಲ್ಪ ಮುಲಾಮು..."

"ಸ್ವಲ್ಪನಾ? ಬೀದಿ ಕೊನೇಲಿ ನೀವು ಬರ್ವಾಗ್ಲೇ ಘಾಟು ಹೊಡೀತಾ ಇತ್ತು. ಆ ವಾಸ್ನೆಗೆ ನನ್ ಹುಳ ಒದ್ದಾಡ್ಬುಡ್ತವೆ. ಆಚೆ ಹುಣಸೆಮರದ ತಾವ ಕುಂತ್ಕಳಿ."

"ಮಿಸ್ಸೇ ಔಟ್ ಕಣ್ಲಾ!" ಒಳಗಿನಿಂದ ಒಬ್ಬ ಕೂಗಿದ. ಗೊಳ್ಳೆಂದು ನಕ್ಕರು. ರೇಷ್ಮೆ ನಾಡಲ್ಲಿ ಹುಟ್ಟಿ, ಹುಳದ ಮನೆಗೆ ಮುಲಾಮು ಹಚ್ಚಿಕೊಂಡು ಹೋದ ನನಗೆ ಅಷ್ಟು ಆಗಬೇಕಾದ್ದೇ. ಹುಣಸೆಮರದ ಕೆಳಗೆ ಕೂತೆ. ಕಿಟಕಿಯ ಬಲೆಯಿಂದ ಒಂದು ದನಿ ಕೇಳುತ್ತಿತ್ತು. ಯಾರದೆಂದು ಮೊದಲು ಗೊತ್ತೇ ಆಗಲಿಲ್ಲ.

"ಅದಲ್ಲ ಕಣ್ಲಾ, ಅದಿನ್ನೂ ಕಾಯಿ. ಬೆಳಕಿಗೆ ಹಿಡಿ. ದ್ರಾಕ್ಷಿ ತರ ಒಳ್ಗೆಲ್ಲ ಕಾಣ್ತದಲ್ಲ, ಅದು ಹಣ್ಣು. ತಲೆ ಎತ್ಕಂಡ್ ಆಕಡೆ ಈಕಡೆ ನೋಡ್ತಿರ್ತದೆ, ಜಾಗ ಹುಡುಕ್ತಾ."

"ಥೂ, ನನ್ ಕೈ ಮೇಲೆ ಉಚ್ಚೆ ಹುಯ್ತು ಕಣಮ್ಮಿ!"

"ಹುಯ್ಯಲಿ ಬುಡು. ಗೂಡು ಕಟ್ಟೋ ಮುಂಚೆ ಎಲ್ಲಾ ಹಂಗೇ. ಹಿಸುಕ್ಬ್ಯಾಡ, ಮೆತ್ತಗೆ."

ಮೂರನೇ ಬೆಂಚಿನ ಗೋಡೆ ಪಕ್ಕದವಳು ಪಾಠ ಮಾಡುತ್ತಿದ್ದಳು. ನಾನು ಹೊರಗೆ ಕೂತು ಕಲಿಯುತ್ತಿದ್ದೆ. ಗಾಳಿಗೆ ಹುಣಸೆಯ ಸಣ್ಣೆಲೆ ಮಡಿಲಿಗೆ ಉದುರುತ್ತಿತ್ತು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ, ಎಚ್ಚರವೋ ಜೋಂಪೋ ಹೇಳಲಾರೆ.

ಸಂಜೆ ಅಜ್ಜಿ ಹೊರಗೆ ಬಂದು ಸೊಂಟ ಹಿಡಿದು ನಿಂತರು. "ನನ್ ಲೆಕ್ಕ ತಪ್ತು ಮೇಡಂ. ಮೋಡದ ತಂಪಿಗೆ ಅರ್ಧನೇ ಹಣ್ಣಾಗಿರದು. ಇನ್ನರ್ಧ ನಾಳೀಕೆ."

ಹುಡುಗಿ ಬಾಗಿಲಲ್ಲಿ ಬಿದ್ದಿದ್ದ ಕಡ್ಡಿಗಳನ್ನು ಆಯತೊಡಗಿದಳು, ಆಯ್ದದ್ದನ್ನೇ ಕೆಳಗಿಟ್ಟು ಮತ್ತೆ ಆಯ್ದಳು. "ಅಜ್ಜಿ, ನಾಳೆ ಒಂದು ದಿನ..." ಅಂತ ನಾನು ಶುರು ಮಾಡಿದೆ. ಅಜ್ಜಿ ನನ್ನ ಮಾತು ಕೇಳಿಸಿಕೊಳ್ಳಲೇ ಇಲ್ಲ. ಮಕ್ಕಳನ್ನು ಬೆರಳಲ್ಲಿ ಎಣಿಸುತ್ತಿದ್ದರು.

"ಇಪ್ಪತ್ತಾಳು ದುಡಿದವ್ರೆ ನನ್ ಮನೇಲಿ," ಅಂದರು. "ಮುಯ್ಯಿ ಇಟ್ಕಂಡು ಬದುಕ್ದೋರಲ್ಲ ನಾವು. ಏನ್ರಪ್ಪಾ, ನಾಳೆ ನಿಮ್ ಕೆಲ್ಸ ಎಲ್ಲಿ?"

"ಚನ್ನಪಟ್ಣದಲ್ಲಿ ಅಜ್ಜೀ!" ಇಪ್ಪತ್ತೂ ಬಾಯಿ ಒಟ್ಟಿಗೆ.

"ಹಂಗಾದ್ರೆ ನಮ್ಮನೆಯಿಂದ ಒಂದಾಳು ಬರ್ಬೇಕು ತಾನೇ ನಿಮ್ ಕೆಲ್ಸಕ್ಕೆ? ಹೋಗವ್ವಾ, ತೀರ್ಸ್ಕಂಡ್ ಬಾ." ಕಡ್ಡಿ ಆಯುತ್ತಿದ್ದ ಕೈ ನಿಂತಿತು. ಆಮೇಲೆ ಅಜ್ಜಿ ನನ್ನ ಕಡೆ ತಿರುಗಿದರು. "ಅವ್ರದ್ ಆಯ್ತು. ನೀವು ಇವತ್ತು ಒಂದ್ ಹುಳನೂ ಮುಟ್ನಿಲ್ವಲ್ಲ ಮೇಡಂ?"

"ನಾಳೆ ಇವಳ ಬದಲು ನಾನೇ ಬರ್ತೀನಿ ಅಜ್ಜಿ" ಅಂದೆ. ಮಕ್ಕಳ ಜೊತೆ ಪ್ರವಾಸಕ್ಕೆ ಹೋಗಲು ಪಿ.ಟಿ. ಮೇಷ್ಟ್ರನ್ನು ಒಪ್ಪಿಸಿದೆ.

ಶುಕ್ರವಾರ ಹುಳದ ಮನೆಯೊಳಗೆ ಅಜ್ಜಿ, ಹುಡುಗಿಯ ಅವ್ವ, ನಾನು. ಮಬ್ಬು ಬೆಳಕು, ಹಸಿ ಸೊಪ್ಪಿನ ವಾಸನೆ. ಯಾರೂ ಜೋರಾಗಿ ಮಾತಾಡುವುದಿಲ್ಲ. ಒಂದೊಂದೇ ಹುಳವನ್ನು ಬೆಳಕಿಗೆ ಹಿಡಿದೆ. ಒಳಗೆ ಸಣ್ಣದೊಂದು ದೀಪ ಹಚ್ಚಿಟ್ಟಂತೆ ಹಳದಿಯಾಗಿ ತೋರಿದ್ದನ್ನು ಮೊರಕ್ಕೆ, ಉಳಿದದ್ದನ್ನು ಸೊಪ್ಪಿಗೆ. ನಿನ್ನೆಯ ಚಂದ್ರಿಕೆಗಳಲ್ಲಿ ಆಗಲೇ ತೆಳ್ಳನೆಯ ಪರದೆ ಎದ್ದಿತ್ತು. ಒಳಗೆ ಹುಳ ತಲೆಯಾಡಿಸುತ್ತ ಮರೆಯಾಗುವುದು ಮಂಜಿನಲ್ಲಿ ಯಾರೋ ನಡೆದು ಹೋದಂತೆ ಕಾಣುತ್ತಿತ್ತು. ಹೊತ್ತು ಹೋದದ್ದು ಗೊತ್ತಾಗಲಿಲ್ಲ. ಬೆರಳಿಗೆ ತಣ್ಣನೆಯ ಹುಳ ತಾಗಿದಾಗಲೆಲ್ಲ ನನ್ನ ಮನಸ್ಸು ಆ ಟೆಂಪೋದಲ್ಲಿರುತ್ತಿತ್ತು. ಈಗ ನಮಾಜ್ ಮುಗಿದಿರಬೇಕು, ಈಗ ಮರ ಕಡೆಯುವ ಲೇತ್ ತಿರುಗಿರಬೇಕು. ಅವಳು ಮುಂದೆ ನಿಂತಿದ್ದಾಳೋ, ಹಿಂದೆ ಗೋಡೆ ಪಕ್ಕ ಸರಿದಿದ್ದಾಳೋ?

"ಮೇಡಂ, ಕಾಯಿ ಹಾಕ್ತಾ ಇದ್ದೀರಿ ಮೊರಕ್ಕೆ," ಅಂದರು ಅವ್ವ ಮೆಲ್ಲಗೆ. ತೆಗೆದು ಸೊಪ್ಪಿಗೆ ಬಿಟ್ಟೆ.

ನಾಲ್ಕಕ್ಕೆ ಕೊನೆಯ ಚಂದ್ರಿಕೆಯನ್ನು ನೆರಳಿಗೆ ಓರೆಯಾಗಿ ನಿಲ್ಲಿಸಿದೆವು. ಮುಯ್ಯಾಳಿಗೆ ಊಟ ಹಾಕದೆ ಕಳಿಸುವುದುಂಟಾ ಅಂತ ಅಜ್ಜಿ ನನ್ನನ್ನು ಉಳಿಸಿಕೊಂಡರು. ಆರೂವರೆಗೆ ಹುಡುಗಿ ಬಂದಳು, ಓಡಿ. ಚಪ್ಪಲಿ ಎಲ್ಲೋ, ಅವಳೆಲ್ಲೋ. ಎರಡು ಬೆರಳ ತುದಿ ಕೆಂಪಾಗಿದ್ದವು.

"ಬಳಿಯದೇ ಇಲ್ಲ ಮಿಸ್! ಮರ ಗಿರ್ರಂತ ತಿರುಗ್ತಾ ಇರ್ತದೆ, ಬಣ್ಣದ್ ಅರಗಿನ ಕಡ್ಡಿ ಅದಕ್ಕೆ ಒತ್ತಿ ಹಿಡಿಯದು ಅಷ್ಟೇ. ಉಜ್ಜಿ ಉಜ್ಜಿ ಬಿಸಿಯಾಗಿ ಅರಗು ತಾನೇ ಕರ್ಗಿ ಮರಕ್ಕೆ ಹತ್ಕತದೆ. ಆಮೇಲೆ ಒಂದ್ ತಾಳೆ ಗರೀಲಿ ಒತ್ತುದ್ರೆ ಕನ್ನಡಿ ಹಂಗೆ ಹೊಳೀತದೆ! ಸಾಬ್ರು ನನ್ ಕೈಗೇ ಕೊಟ್ರು ಕಡ್ಡಿಯ. ಯಾಕೆ ಅಂದ್ರೆ ನಾನು ಎಂಟು ಪ್ರಶ್ನೆ ಕೇಳ್ದೆ. ಪಿ.ಟಿ. ಸರ್ ಸಾಕು ಸುಮ್ನಿರು ಅಂದ್ರೂ ಕೇಳ್ದೆ."

ಏಳೂವರೆಗೆ ಊಟಕ್ಕೆ ಕೂತೆವು. ಬಿಸಿ ಮುದ್ದೆ, ಹುರುಳಿಕಾಳಿನ ಬಸ್ಸಾರು, ಬಸಿದ ಕಾಳಿನ ಪಲ್ಯ, ನನಗೆ ಮಾತ್ರ ಮೇಲೊಂದು ಚಮಚ ತುಪ್ಪ. ಹುಡುಗಿ ಒಂದು ತುತ್ತಿಗೆ ನಾಲ್ಕು ಮಾತು ಆಡುತ್ತಿದ್ದಳು. ಅಜ್ಜಿ ಹೂಂ, ಹೂಂ ಅನ್ನುತ್ತಾ ಕೈತೊಳೆದು ಕಂಬಕ್ಕೆ ಒರಗಿದರು. ಮೂರನೇ ಹೂಂ ಬರಲಿಲ್ಲ. ಒಂದು ವಾರದಿಂದ ನೆಟ್ಟಗೆ ಮಲಗಿರದ ಜೀವ, ಮೊದಲು ನಿದ್ದೆ ಹೋದದ್ದು ಅವರೇ. ಹುಡುಗಿ ಒಮ್ಮೆ ನೋಡಿ, ಕಂಬಳಿ ತಂದು ಹೊದಿಸಿದಳು. ಆಮೇಲೆ ದನಿ ತಗ್ಗಿಸಿ, ಅರಗಿಗೆ ಬಣ್ಣ ಬೆರೆಸುವುದು ಹೇಗೆಂದು ನನಗೆ ಹೇಳತೊಡಗಿದಳು.