ಬಿರುಕಿನ ಮೇಲಿನ ಗಾಜು

ಮಂಗಳವಾರ ಬೆಳಿಗ್ಗೆ ಹನ್ನೊಂದೂಕಾಲಿಗೆ ನಮ್ಮ ಗೆಳೆಯ, ಟೆಲಿಫೋನ್ ಎಕ್ಸ್‌ಚೇಂಜಿನ ಮೆಕ್ಯಾನಿಕ್, ಮಹಡಿ ಕುಸಿದು ತೀರಿಕೊಂಡ. ವಯಸ್ಸು ನಲವತ್ತಾರು.

ಆ ಕಟ್ಟಡ ಹಿಂದೆ ಬಟ್ಟೆಯ ಗೋದಾಮು. ಅದರೊಳಗೆ ಮೊದಲು ಬಂದದ್ದು ಟ್ರಂಕ್ ಕಾಲ್ ಜೋಡಿಸುವ ಬೋರ್ಡು. ಕೆಳಗಿನ ಹಾಲಿನಲ್ಲಿ ಕೂತಿತು. ಆಮೇಲೆ ತಾವಾಗಿ ನಂಬರ್ ಹುಡುಕುವ ಕಬ್ಬಿಣದ ರ‍್ಯಾಕುಗಳು ಮಹಡಿ ಏರಿದವು. ಊರು ಬೆಳೆದಂತೆ ಇನ್ನೊಂದು ಸಾಲು, ಮತ್ತೊಂದು ಸಾಲು. ಹೊಸ ಕಟ್ಟಡದ ಮಾತು ಕಡತದಲ್ಲೇ ಕೊಳೆಯಿತು. ಹಗಲೆಲ್ಲ ಟಕಟಕ ಬಡಿದುಕೊಳ್ಳುವ ಆ ಭಾರದ ನಡುವೆ ಇವನು ಜೀವ ಕೈಯಲ್ಲಿ ಹಿಡಿದು ಓಡಾಡುತ್ತಿದ್ದ. ಸರಿಯಾಗಿ ಅದರ ಕೆಳಗೇ ಅವನ ಅಕ್ಕ, ಹೆಡ್ ಆಪರೇಟರ್, ಬೋರ್ಡಿನ ಮುಂದೆ ಕೂರುತ್ತಿದ್ದಳು.

ಮಹಡಿಯ ತೊಲೆ ಊರಿದ್ದ ಗೋಡೆಯಲ್ಲಿ ಬಿರುಕು ಕಂಡ ದಿನ ಅದಕ್ಕೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿದ. ಬಿರುಕು ಬಾಯಿಬಿಟ್ಟರೆ ಗಾಜು ಒಡೆಯುತ್ತದೆ. ಒಡೆದಿದೆಯಾ ಎಂದು ದಿನಕ್ಕೆ ಹತ್ತು ಸಲ ನೋಡುತ್ತಿದ್ದ.

"ನಿನ್ನ ಹೆದರಿಕೆಗೇ ಗೋಡೆ ಬಿರುಕು ಬಿಡುತ್ತೆ ಕಣಯ್ಯಾ," ಎಂದು ಇನ್‌ಚಾರ್ಜ್ ನಗುತ್ತಿದ್ದರು. ಅಕ್ಕನೂ ಬಿಡುತ್ತಿರಲಿಲ್ಲ: "ಬಂದ್ರು ನೋಡ್ರೇ, ಗೋಡೆ ಡಾಕ್ಟ್ರು."

ಎರಡು ವರ್ಷ ಗಾಜು ಒಡೆಯಲಿಲ್ಲ. ಆ ಮಂಗಳವಾರ ಪಟ್ಟಿಯ ಧೂಳು ಒರೆಸಿದಾಗ, ಮೂಲೆಯಲ್ಲಿ ತಾನು ಗೀಚಿದ್ದ ತಾರೀಖೇ ಇರಲಿಲ್ಲ.

ಇನ್‌ಚಾರ್ಜ್ ಅವನ ಪ್ರಶ್ನೆಗೆ ಮುಖ ತಪ್ಪಿಸಿದರು. "ಮೂರು ಸಲ ಒಡೀತಪ್ಪಾ. ನೀನು ಗಾಬರಿ ಬೀಳ್ತೀಯ ಅಂತ, ನೀನು ನೋಡೋ ಮುಂಚೆ ಬೇರೆ ಹಾಕಿಸ್ದೆ."

ಕಾಲಡಿಯ ಹಲಗೆ ಕಿರುಗುಟ್ಟಿತು. ದೊಡ್ಡ ಸಾಹೇಬರಿಗೆ ತಿಳಿಸುತ್ತೇನೆಂದು ಇನ್‌ಚಾರ್ಜ್ ಇಳಿದು ಓಡಿದರು. ಇವನು ಟೆಸ್ಟ್ ಫೋನ್ ಎತ್ತಿ ಕೆಳಕ್ಕೆ ಹೇಳಿದ: "ಅಕ್ಕಾ, ಎಲ್ಲರನ್ನೂ ಹೊರಗೆ ಕರ್ಕೊಂಡು ಹೋಗೇ."

"ಇಪ್ಪತ್ತು ಕಾಲ್ ಕಾಯ್ತಿವೆ. ಸುಮ್ನಿರೋ."

ಕೆಳಗಿನ ಬೋರ್ಡಿಗೆ ಹೋಗುವ ಫ್ಯೂಸುಗಳು ಮಹಡಿಯಲ್ಲೇ ಇದ್ದವು; ಒಂದೊಂದಾಗಿ ಕಿತ್ತ. ಲೈನ್ ಸತ್ತರೆ ಆಪರೇಟರುಗಳು ಅಂಗಳಕ್ಕೆ ಹೋಗಿ ಬೆನ್ನು ನೆಟ್ಟಗೆ ಮಾಡಿಕೊಳ್ಳುವುದು ಅಲ್ಲಿನ ರೂಢಿ. ಕಿಟಕಿಯಿಂದ ಬಗ್ಗಿ ಎಣಿಸಿದ. ಹನ್ನೊಂದು ಜನ. ಅಕ್ಕ ಮಾತ್ರ ಇಲ್ಲ. ಲೈನ್ ಮರಳುವವರೆಗೆ ಹೆಡ್ ಆಪರೇಟರ್ ಬೋರ್ಡು ಬಿಟ್ಟು ಏಳುವಂತಿಲ್ಲ.

ಗೋಡೆಯಿಂದ ಗಾರೆ ಉದುರತೊಡಗಿತು. ಮೆಟ್ಟಿಲು ಮಹಡಿಯ ಆಚೆ ತುದಿಗಿತ್ತು. ತಾನು ಇಳಿದು ಅವಳನ್ನು ಎಬ್ಬಿಸುವಷ್ಟು ಹೊತ್ತು ತೊಲೆ ತಡೆಯುವಂತಿರಲಿಲ್ಲ. ಅಕ್ಕನಿಗೆ ಕೇಳಿಸಲೆಂದು ಅವಳ ಲೈನಿನ ಫ್ಯೂಸ್ ಒಂದನ್ನೇ ಮತ್ತೆ ಸಿಕ್ಕಿಸಿದ. ಫೋನ್ ಎತ್ತಿ, ದನಿ ಗಟ್ಟಿಮಾಡಿಕೊಂಡು ಸುಳ್ಳು ಹೇಳಿದ:

"ಅಕ್ಕಾ, ಅಮ್ಮ ಗೇಟಿನ ಹತ್ರ ತಲೆ ಸುತ್ತಿ ಬಿದ್ದಿದ್ದಾಳೆ. ಬೇಗ ಹೋಗು."

ಅವಳ ಕುರ್ಚಿ ಸರಿದ ಸದ್ದು ಕೇಳುವವರೆಗೂ ಫೋನ್ ಹಿಡಿದೇ ನಿಂತಿದ್ದ.